ಹತ್ತಿ ಕೊಟ್ಟು ತೋಟಾಚೀಲ ತಂದವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಸಾಕಷ್ಟು ಜನ ಇರುತ್ತಾರೆ, ನಾನು ಒಂದು ಪಾಠವನ್ನೇ ಬರೆದು ಕೊಡುತ್ತೇನೆ ಎಂದೆ. ಈ ಶಾಲೆಯಲ್ಲಿ ನಾನು ಮಾಡಿದ್ದು ಇತಿಹಾಸದ ಪಾಠ. ಸೇವೆಯಿಂದ ನಿವೃತ್ತನಾದರೂ ಪಾಠ ಮಾಡುವ ಚಟ ಹೋಗಿಲ್ಲ. ಹಳೆಯ ವಿದ್ಯಾರ್ಥಿಗಳು ಇದನ್ನು ಇನ್ನೊಂದು ಪೀರಿಯಡ್ ಎಂದು ತಿಳಿದು ಓದಬೇಕು. ಊರ ಹಿರಿಯರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದರೆ ನನಗೆ ಸಂತೋಷ.

ಪಾಠದ ವಸ್ತು ಬಹಳ ಸಣ್ಣದು. ಸಿಪಾಯಿಯೊಬ್ಬ ಸೊಂಟಕ್ಕೆ ಕಟ್ಟಿಕೊಂಡು ತೋಟಾ ಇಟ್ಟುಕೊಳ್ಳುವ ಒಂದು ಚರ್ಮದ ಚೀಲ. ಇದನ್ನು ಹೊಲಿದದ್ದು ಇಂಗ್ಲೆಂಡಿನಲ್ಲಿ. ಕಟ್ಟಿಕೊಂಡವರು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷದ ಕಾಲಾಳುಗಳು. ಇದಕ್ಕೂ ನಮ್ಮ ಎರೆ ಹೊಲಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದನ್ನು ಪಾಠದ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಚೀಲವನ್ನು ಬಿಚ್ಚಿ ನೋಡೋಣ.

ನಮಗೆ ಗೊತ್ತಿರುವ ತೋಟಾ

1857ರ ಪಾಠ ಓದಿದವರಿಗೆಲ್ಲ ಎನ್‌ಫೀಲ್ಡ್ ಬಂದೂಕಿನ ಹೆಸರು ಗೊತ್ತು. ಅದರ ತೋಟಾಕ್ಕೆ ದನದ ಕೊಬ್ಬು, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿ ಸಿಪಾಯಿಗಳು ಕೆರಳಿದ್ದು, ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ್ದು ಎಲ್ಲವನ್ನೂ ನೀವು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೀರಿ. ನಮ್ಮ ಸೀಮೆಯ ಹಿರಿಯರು 'ಕಾಡತೂಸು' ಎನ್ನುವುದೂ ಇದನ್ನೇ. ಆದರೆ ಆ ತೋಟಾ ಹೇಗಿತ್ತು, ಅದನ್ನು ಹಲ್ಲಿನಿಂದ ಯಾಕೆ ಕಚ್ಚಬೇಕಿತ್ತು ಎಂದು ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ.

ಅದು ಇಂದಿನಂತೆ ಹಿತ್ತಾಳೆಯ ತೋಟಾ ಆಗಿರಲಿಲ್ಲ. ಕಾಗದವನ್ನು ಸುರುಳಿ ಸುತ್ತಿ ಮಾಡಿದ ಒಂದು ಸಣ್ಣ ಪೊಟ್ಟಣ. ಒಳಗೆ ಒಂದು ಕಡೆ ಮದ್ದಿನ ಪುಡಿ, ಇನ್ನೊಂದು ಕಡೆ ಸೀಸದ ಗುಂಡು. ಗುಂಡಿನ ಕಡೆಯ ಕಾಗದಕ್ಕೆ ಮಾತ್ರ ಜಿಡ್ಡು ಸವರಿರುತ್ತಿತ್ತು. ಸಿಪಾಯಿ ಪೊಟ್ಟಣದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕು. ಆಮೇಲೆ ಪೊಟ್ಟಣವನ್ನು ತಿರುಗಿಸಿ, ಜಿಡ್ಡಿನ ಕಾಗದದ ಸಮೇತ ಗುಂಡನ್ನು ನಳಿಗೆಯ ಬಾಯಿಗೆ ಕೂರಿಸಿ, ಉಳಿದ ಕಾಗದವನ್ನು ಕಿತ್ತು ಬಿಸುಟು, ಉದ್ದದ ಕಬ್ಬಿಣದ ಸರಳಿನಿಂದ ತಳದವರೆಗೆ ನೂಕಬೇಕು. ಕೊನೆಗೆ ಬಂದೂಕಿನ ಹಿಂಬದಿಯ ಮೊಲೆಗೆ ಒಂದು ತಾಮ್ರದ ಕೇಪು ಸಿಕ್ಕಿಸಬೇಕು. ಕುದುರೆ ಬಿದ್ದಾಗ ಕೇಪು ಸಿಡಿದು ಕಿಡಿ ಒಳಗೆ ಹೋಗಿ ಮದ್ದು ಹೊತ್ತಿಕೊಳ್ಳುತ್ತದೆ. ಮಲೆನಾಡಿನ ಬೇಟೆಗಾರರ ಮನೆಗಳಲ್ಲಿ ಇದ್ದ ಕೇಪಿನ ಕೋವಿ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಇಷ್ಟನ್ನೂ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಮಾಡುತ್ತಿದ್ದ.

ನಳಿಗೆಯ ಒಳಗೆ ತಿರುಚಿದ ಗೆರೆಗಳಿದ್ದುದರಿಂದ ಗುಂಡು ಬುಗುರಿಯಂತೆ ತಿರುಗುತ್ತ, ಹಳೆಯ ಬಂದೂಕುಗಳಿಗಿಂತ ಬಹು ದೂರಕ್ಕೆ ನೇರವಾಗಿ ಹೋಗುತ್ತಿತ್ತು. ಇದು ಆ ಬಂದೂಕಿನ ಹೆಚ್ಚಳ. ಆದರೆ ಈ ಹೆಚ್ಚಳವೆಲ್ಲ ಕಾಗದದ ಒಂದು ಪೊಟ್ಟಣದ ಮೇಲೆ ನಿಂತಿತ್ತು. ಕಾಗದ ನೆನೆದರೆ ಮದ್ದು ಕೆಟ್ಟಿತು. ಪೊಟ್ಟಣ ಒಡೆದರೆ ಮದ್ದು ಸೋರಿತು. ಕಿಡಿ ತಾಗಿದರೆ ಸಿಪಾಯಿಯ ಸೊಂಟವೇ ಹಾರಿತು. ಹಾಗಾಗಿ ಪೊಟ್ಟಣ ಇಡುವ ಚೀಲ ಬಂದೂಕಿನಷ್ಟೇ ಮುಖ್ಯವಾಯಿತು.

ಸಿಪಾಯಿಯ ಮೈಮೇಲಿನ ಅಂಗಡಿ

ಬ್ರಿಟಿಷ್ ಮಾದರಿಯ ಸಜ್ಜಿನಲ್ಲಿ ದಪ್ಪ ಚರ್ಮದ ಒಂದು ತೋಟಾಪೆಟ್ಟಿಗೆ ಇರುತ್ತಿತ್ತು. ಎಡ ಹೆಗಲಿನಿಂದ ಅಡ್ಡಲಾಗಿ ಇಳಿದ ಪಟ್ಟಿಗೆ ಅದನ್ನು ತೂಗುಬಿಟ್ಟು, ಬಲ ಸೊಂಟದ ಹಿಂದೆ ಬರುವಂತೆ ಕಟ್ಟುತ್ತಿದ್ದರು. ಒಳಗೆ ತಗಡಿನ ಖಾನೆಗಳು. ತೋಟಾಗಳು ಒಂದಕ್ಕೊಂದು ಉಜ್ಜಿ ಒಡೆಯದಂತೆ ಅವು ಹಿಡಿದಿಡುತ್ತಿದ್ದವು. ಮೇಲೆ ಮಳೆಯ ನೀರು ಜಾರಿಹೋಗುವ ಹಾಗೆ ದೊಡ್ಡ ಚರ್ಮದ ಮುಚ್ಚಳ.

ದೊಡ್ಡ ಪೆಟ್ಟಿಗೆಯಿಂದ ಪ್ರತಿ ಸಲ ಕೈ ಹಿಂದೆ ಹಾಕಿ ತೆಗೆಯುವುದು ತಡವಾಗುತ್ತದೆ. ಅದಕ್ಕಾಗಿ ಸೊಂಟದ ಪಟ್ಟಿಯ ಮುಂದೆ ಒಂದು ಚಿಕ್ಕ ಚೀಲ. ತಕ್ಷಣಕ್ಕೆ ಬೇಕಾದ ತೋಟಾ ಇದರಲ್ಲಿ. ಹೊಲಕ್ಕೆ ಬಿತ್ತಲು ಹೋದವರು ಬೀಜದ ಚೀಲವನ್ನು ಬದುವಿನಲ್ಲಿಟ್ಟು, ಉಡಿಯಲ್ಲಿ ಬೇಕಾದಷ್ಟನ್ನೇ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ. ಕೇಪುಗಳಿಗೆ ಬೇರೆ ಒಂದು ಪುಟ್ಟ ಚರ್ಮದ ಸಂಚಿ. ಎಡಗಡೆ ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ಟಿನ ಒರೆ. ಇವೆಲ್ಲವನ್ನೂ ಹಿಡಿದಿಟ್ಟದ್ದು ಸೊಂಟದ ಪಟ್ಟಿ. ಆ ಪಟ್ಟಿಯ ಕೊಕ್ಕೆ ಹಾವಿನ ಆಕಾರದ್ದು. ಈ ಹಾವಿನ ಕೊಕ್ಕೆ ಅಮೆರಿಕದ ಯುದ್ಧಭೂಮಿಗಳ ಮಣ್ಣಿನಲ್ಲಿ ಇಂದಿಗೂ ಸಿಗುತ್ತದೆ. ದಕ್ಷಿಣದ ಸಿಪಾಯಿಗಳ ಹಳೆಯ ಫೋಟೋಗಳಲ್ಲೂ ಕಾಣುತ್ತದೆ. ಅದನ್ನು ಕಂಡರೆ ಅಲ್ಲಿಗೆ ಇಂಗ್ಲೆಂಡಿನ ಸರಕು ಬಂದಿತ್ತೆಂದು ತಿಳಿಯಬೇಕು.

ಎನ್‌ಫೀಲ್ಡಿನ ಒಂದು ಗುಂಡು ಸುಮಾರು 34 ಗ್ರಾಂ ತೂಗುತ್ತಿತ್ತು. ಮದ್ದಿನ ಜೊತೆ ಲೆಕ್ಕ ಹಾಕಿದರೆ 40 ತೋಟಾಗಳಿಗೆ ಸುಮಾರು ಒಂದೂವರೆ ಕಿಲೋ. ಕೇಳಲು ಹೆಚ್ಚೇನಲ್ಲ. ಬೆನ್ನುಚೀಲ, ಕಂಬಳಿ, ನೀರಿನ ಡಬ್ಬಿ, ನಾಲ್ಕು ಕಿಲೋ ಬಂದೂಕು ಹೊತ್ತು ದಿನಕ್ಕೆ ಇಪ್ಪತ್ತು ಮೈಲಿ ನಡೆದವನಿಗೆ ಅದು ಹೆಚ್ಚೇ. ಅದಕ್ಕೇ ದಕ್ಷಿಣದ ಅನೇಕ ಸಿಪಾಯಿಗಳು ಬೆನ್ನುಚೀಲ ಎಸೆದು ಕಂಬಳಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ಅಡ್ಡಪಟ್ಟಿ ತೆಗೆದು ತೋಟಾಪೆಟ್ಟಿಗೆಯನ್ನು ಸೊಂಟಕ್ಕೇ ಕಟ್ಟಿಕೊಂಡರು. ಕವಾಯತಿನ ಪುಸ್ತಕ ಹೇಳಿದ್ದು ಒಂದು, ನಡೆಯುವ ಕಾಲು ಹೇಳಿದ್ದು ಇನ್ನೊಂದು.

ಇಂಗ್ಲೆಂಡಿನಿಂದ ಯಾಕೆ ತರಬೇಕಾಯಿತು?

ಅಮೆರಿಕದ ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟವನ್ನು ಬಿಟ್ಟು 'ಕಾನ್ಫೆಡರೇಟ್' ಎಂಬ ಬೇರೆ ಸರಕಾರ ಕಟ್ಟಿಕೊಂಡವು. ಕಾರಣಗಳ ದೊಡ್ಡ ಪಟ್ಟಿ ಹೇಳುವವರು ಇದ್ದಾರೆ. ತಳದಲ್ಲಿ ಇದ್ದದ್ದು ಒಂದೇ, ಗುಲಾಮಗಿರಿ ಉಳಿಯಬೇಕೆಂಬ ಹಟ. 1860ರ ಜನಗಣತಿಯಲ್ಲಿ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಸಂಪತ್ತೆಂದರೆ ಹತ್ತಿ. ಆ ಹತ್ತಿಯನ್ನು ಬಿತ್ತಿದ್ದು, ಕಳೆ ತೆಗೆದದ್ದು, ಬಿಡಿಸಿದ್ದು ಕೂಲಿಯಿಲ್ಲದೆ, ಚಾಟಿಯ ಕೆಳಗೆ ದುಡಿದ ಆಫ್ರಿಕಾ ಮೂಲದ ಜನ.

ಹತ್ತಿ ಬೆಳೆಯುವುದರಲ್ಲಿ ದಕ್ಷಿಣಕ್ಕೆ ಸಾಟಿ ಇರಲಿಲ್ಲ, ಕಾರ್ಖಾನೆ ಕಟ್ಟುವುದರಲ್ಲಿ ಉತ್ತರಕ್ಕೆ ಸಾಟಿ ಇರಲಿಲ್ಲ. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ದಕ್ಷಿಣದ ಎಷ್ಟೋ ಹುಡುಗರು ಮನೆಯ ಬೇಟೆಯ ಕೋವಿ, ಅಜ್ಜನ ಕಾಲದ ಬಂದೂಕು ಹಿಡಿದು ಬಂದರು. ಮದ್ದುಗುಂಡಿನ ಇಲಾಖೆಯ ಮುಖ್ಯಸ್ಥ ಜೋಸೈಯಾ ಗೋರ್ಗಾಸ್ ಎಂಬ ಅಧಿಕಾರಿ. ಸರಕಾರ ಕೇಲಬ್ ಹ್ಯೂಸ್ ಎಂಬ ಸೈನ್ಯಾಧಿಕಾರಿಯನ್ನು ಖರೀದಿಗೆಂದು ಲಂಡನ್ನಿಗೆ ಕಳಿಸಿತು. ಆತ ಮೇ ತಿಂಗಳಲ್ಲಿ ಅಲ್ಲಿ ಇಳಿದ.

ವಿಕ್ಟೋರಿಯಾ ರಾಣಿಯ ಸರಕಾರ ಆ ತಿಂಗಳಲ್ಲೇ, 1861ರ ಮೇ 13ರಂದು, ತಾನು ಯಾವ ಪಕ್ಷಕ್ಕೂ ಸೇರದ ತಟಸ್ಥನೆಂದು ಘೋಷಿಸಿತು. ಸರಕಾರ ತಟಸ್ಥ, ಅಂಗಡಿಗಳು ತಟಸ್ಥವಾಗಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಖಾಸಗಿ ಕುಶಲಕರ್ಮಿಗಳು ಎನ್‌ಫೀಲ್ಡ್ ಮಾದರಿಯ ಬಂದೂಕು ಮಾಡಿ ಕೊಂಡವರಿಗೆ ಮಾರಿದರು. ಉತ್ತರದವರೂ ಕೊಂಡರು, ನಾಲ್ಕು ಲಕ್ಷಕ್ಕೂ ಮೀರಿ ಕೊಂಡರು. ಹ್ಯೂಸ್ ಹೆಚ್ಚಾಗಿ ವ್ಯವಹರಿಸಿದ್ದು ಲಂಡನ್ನಿನ ಜರ್ಮಿನ್ ಬೀದಿಯ 71ನೇ ನಂಬರಿನ ಎಸ್. ಐಸಾಕ್ ಕ್ಯಾಂಬೆಲ್ ಎಂಬ ಕಂಪನಿಯೊಡನೆ. ಬಂದೂಕಿನಿಂದ ಹಿಡಿದು ಬೂಟು, ಕಂಬಳಿ, ತೋಟಾಪೆಟ್ಟಿಗೆಯವರೆಗೆ ಸಿಪಾಯಿಗೆ ಬೇಕಾದ ಎಲ್ಲವನ್ನೂ ಅವರು ಹೊಂದಿಸಿ ಕೊಡುತ್ತಿದ್ದರು. ಈ ಕಂಪನಿಯ ಮುದ್ರೆ ಒತ್ತಿದ ಚರ್ಮದ ಸಾಮಾನುಗಳು ಇಂದಿಗೂ ಅಮೆರಿಕದ ಸಂಗ್ರಹಗಳಲ್ಲಿವೆ.

1863ರ ಫೆಬ್ರವರಿ ಹೊತ್ತಿಗೆ ಹ್ಯೂಸ್ ಕೊಂಡು ಕಳಿಸಿದ ಬಂದೂಕುಗಳ ಲೆಕ್ಕ 1,31,129. ಅವುಗಳಲ್ಲಿ ಉದ್ದ ನಳಿಗೆಯ ಎನ್‌ಫೀಲ್ಡ್ 70,980. ಜೊತೆಗೆ ಪೆಟ್ಟಿಗೆ, ಪಟ್ಟಿ, ಸಂಚಿ ಎಲ್ಲ ಸೇರಿದ ಸಜ್ಜುಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಬಂದೂಕಿನ ಲೆಕ್ಕ ದೊಡ್ಡದು, ಸಜ್ಜಿನ ಲೆಕ್ಕ ಸಣ್ಣದು ಎಂಬುದನ್ನು ಗಮನಿಸಿ. ಅಂದರೆ ಬಂದೂಕು ಬಂದವರಿಗೆಲ್ಲ ಇಂಗ್ಲೆಂಡಿನ ಚೀಲ ಬರಲಿಲ್ಲ. ಉಳಿದವರಿಗೆ ಊರಲ್ಲೇ ಮಾಡಿ ಕೊಡಬೇಕಾಯಿತು.

ಕತ್ತಲೆಯಲ್ಲಿ ದಾಟಿದ ಹಡಗುಗಳು

ಕೊಂಡ ಸಾಮಾನು ತರುವುದು ಕೊಳ್ಳುವುದಕ್ಕಿಂತ ಕಷ್ಟದ ಕೆಲಸ. ಅಧ್ಯಕ್ಷ ಲಿಂಕನ್ 1861ರ ಏಪ್ರಿಲ್ 19ರಂದೇ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರು. ಮೊದಲ ವರ್ಷ ಕಾವಲು ಸಡಿಲವಾಗಿತ್ತು. 1861ರ ನವೆಂಬರ್‌ನಲ್ಲಿ 'ಫಿಂಗಲ್' ಎಂಬ ಹಡಗು ಹತ್ತು ಸಾವಿರಕ್ಕೂ ಮಿಕ್ಕಿ ಎನ್‌ಫೀಲ್ಡ್ ಬಂದೂಕು ಹೊತ್ತು ಸವಾನಾ ಬಂದರಿಗೆ ಬಂದು ಮುಟ್ಟಿತು. ಆಮೇಲೆ ಕಾವಲು ಬಿಗಿಯಾಯಿತು. ಆಗ ವ್ಯಾಪಾರಿಗಳು ಬೇರೆ ದಾರಿ ಹಿಡಿದರು. ದೊಡ್ಡ ಹಡಗು ಇಂಗ್ಲೆಂಡಿನಿಂದ ಬರ್ಮುಡಾ ಇಲ್ಲವೇ ನಸ್ಸಾವಿನವರೆಗೆ ಬರುವುದು. ಇವು ಬ್ರಿಟಿಷರ ದ್ವೀಪಗಳು. ಅಲ್ಲಿಯವರೆಗೆ ಹಡಗನ್ನು ಕೇಳುವವರು ಯಾರು? ಅಲ್ಲಿಂದ ಸರಕನ್ನು ತಗ್ಗಾದ, ವೇಗದ ಉಗಿಹಡಗುಗಳಿಗೆ ಏರಿಸುವುದು. ಈ ಹಡಗುಗಳಿಗೆ ಸಮುದ್ರದ ಬೂದು ಬಣ್ಣ ಬಳಿಯುತ್ತಿದ್ದರು, ಹೊಗೆ ಕಡಿಮೆ ಬರುವ ಕಲ್ಲಿದ್ದಲು ಉರಿಸುತ್ತಿದ್ದರು, ಅಮಾವಾಸ್ಯೆಯ ಆಸುಪಾಸಿನ ರಾತ್ರಿ ನೋಡಿ ಹೊರಡುತ್ತಿದ್ದರು. ಸುಮಾರು ಮೂರು ದಿನದ ಹಾದಿಯ ಕೊನೆಗೆ ವಿಲ್ಮಿಂಗ್ಟನ್ ಬಂದರು.

ಎಲ್ಲವೂ ಮುಟ್ಟಲಿಲ್ಲ. 1862ರ ಜೂನ್ 27ರಂದು 'ಮಾಡರ್ನ್ ಗ್ರೀಸ್' ಎಂಬ ಹಡಗು ವಿಲ್ಮಿಂಗ್ಟನ್ನಿನ ಕಾವಲು ಕೋಟೆಯಾದ ಫೋರ್ಟ್ ಫಿಶರ್ ಬಳಿ ದಡಕ್ಕೆ ಬಡಿಯಿತು. ನೂರು ವರ್ಷ ಮರಳಿನಲ್ಲಿ ಹೂತಿದ್ದ ಆ ಹಡಗಿನಿಂದ 1962ರಲ್ಲಿ ಮುಳುಗುಗಾರರು ಸಾವಿರಾರು ವಸ್ತುಗಳನ್ನು ಮೇಲೆತ್ತಿದರು. ಎನ್‌ಫೀಲ್ಡ್ ಬಂದೂಕು, ಗುಂಡು, ಚಾಕು, ಕೆಲಸದ ಹತಾರಗಳು. ಯಾವ ಸಿಪಾಯಿಯ ಕೈಗೂ ಹೋಗದೆ ಉಳಿದ ಸರಕು ಅದು.

ಒಳಗೆ ಬಂದ ಹಡಗು ಹೊರಗೆ ಹೋಗುವಾಗ ಬರಿದಾಗಿ ಹೋಗುತ್ತಿರಲಿಲ್ಲ. ಅಟ್ಟದವರೆಗೆ ಹತ್ತಿ ಅಂಡಿಗೆ ತುಂಬಿಕೊಂಡು ಹೋಗುತ್ತಿತ್ತು. ದಕ್ಷಿಣದ ಕಾಗದದ ಹಣವನ್ನು ಲಂಡನ್ನಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹತ್ತಿಯನ್ನು ಎಲ್ಲರೂ ಮುಟ್ಟುತ್ತಿದ್ದರು. 1863ರಲ್ಲಿ ಹತ್ತಿಯನ್ನೇ ಆಧಾರವಾಗಿಟ್ಟು ಯುರೋಪಿನಲ್ಲಿ 30 ಲಕ್ಷ ಪೌಂಡಿನ ಸಾಲಪತ್ರಗಳನ್ನೂ ಮಾರಿದರು. ಈಗ ಚೀಲದ ಬೆಲೆ ಯಾರು ಕೊಟ್ಟರೆಂದು ಲೆಕ್ಕ ಹಾಕಿ. ಬೆಲೆಯ ಚೀಟಿ ಬರೆದವನು ಹ್ಯೂಸ್, ಹಣ ಎಣಿಸಿಕೊಂಡವನು ಲಂಡನ್ನಿನ ವ್ಯಾಪಾರಿ. ಆದರೆ ಆ ಬೆಲೆ ಹುಟ್ಟಿದ್ದು ಜಾರ್ಜಿಯಾ, ಮಿಸಿಸಿಪ್ಪಿಗಳ ಹೊಲಗಳಲ್ಲಿ, ತನ್ನ ಮಗುವನ್ನು ಯಾವಾಗ ಮಾರಿಬಿಡುತ್ತಾರೋ ಎಂಬ ಅಂಜಿಕೆಯಲ್ಲಿ ಹತ್ತಿ ಬಿಡಿಸಿದ ತಾಯಿಯ ಕೈಯಿಂದ. ತನ್ನನ್ನು ಗುಲಾಮಳಾಗಿಯೇ ಇಡಲು ಹೊರಟ ಸೈನ್ಯದ ಮದ್ದುಗುಂಡಿಗೆ ಅವಳೇ ದುಡಿದು ಹಣ ಕೊಟ್ಟ ಹಾಗಾಯಿತು. ಗುಲಾಮಗಿರಿಯನ್ನು ಕಾಯಿದೆ ಮಾಡಿ 1834ರಿಂದ ತನ್ನ ವಸಾಹತುಗಳಲ್ಲಿ ತೆಗೆದುಹಾಕಲು ತೊಡಗಿದ್ದ ಇಂಗ್ಲೆಂಡು, ಆ ಹಣವನ್ನು ಹಿಂದುಮುಂದು ನೋಡದೆ ತೆಗೆದುಕೊಂಡಿತು.

ಎಲ್ಲ ಇಂಗ್ಲಿಷರೂ ಹಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹತ್ತಿ ಬರದೆ ಲ್ಯಾಂಕಾಶೈರಿನ ಗಿರಣಿಗಳು ನಿಂತು ಲಕ್ಷಾಂತರ ಕೂಲಿಗಾರರು ಉಪವಾಸ ಬಿದ್ದರು. ದಿಗ್ಬಂಧನ ಮುರಿಯಿರಿ, ಹತ್ತಿ ತರಿಸಿ ಎಂದು ಅವರು ಕೂಗಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ದುಡಿಯುವ ಜನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ನರಿಗೆ ಬೆಂಬಲದ ಪತ್ರ ಬರೆದರು. ಲಿಂಕನ್ 1863ರ ಜನವರಿಯಲ್ಲಿ ಕೃತಜ್ಞತೆಯಿಂದ ಉತ್ತರ ಕೊಟ್ಟರು. ಹೊಟ್ಟೆಗೆ ಇಲ್ಲದಾಗಲೂ ನ್ಯಾಯದ ಪಕ್ಷ ಹಿಡಿದ ಆ ಕೂಲಿಗಾರರನ್ನು ನಾನು ತರಗತಿಯಲ್ಲಿ ಎಂದೂ ಬಿಟ್ಟಿಲ್ಲ.

ಚರ್ಮ ಮುಗಿದ ಮೇಲೆ

ಊರಲ್ಲೇ ಸಜ್ಜು ಮಾಡಲು ಹೊರಟ ಗೋರ್ಗಾಸರಿಗೆ ಮೊದಲ ಪೆಟ್ಟು ಚರ್ಮದ್ದು. ಬೂಟಿಗೂ ಚರ್ಮ, ಕುದುರೆಯ ಜೀನಿಗೂ ಚರ್ಮ, ತೋಟಾಪೆಟ್ಟಿಗೆಗೂ ಚರ್ಮ. ಇದ್ದ ಚರ್ಮ ಬೂಟಿಗೇ ಸಾಲದು. ಆಗ ಹತ್ತಿಯ ಬಟ್ಟೆಯನ್ನೇ ಮೂರು ನಾಲ್ಕು ಪದರ ಮಡಿಸಿ ಹೊಲಿದು, ಅಗಸೆ ಎಣ್ಣೆಯ ಬಣ್ಣ ಬಳಿದು ಒಣಗಿಸಿ, ಅದರಿಂದ ಸೊಂಟದ ಪಟ್ಟಿ, ಬಂದೂಕಿನ ಪಟ್ಟಿ, ತೋಟಾಪೆಟ್ಟಿಗೆಗಳನ್ನು ಮಾಡಿದರು. ಹತ್ತಿ ಕೊಟ್ಟು ಚರ್ಮ ತರುತ್ತಿದ್ದವರು ಕೊನೆಗೆ ಚರ್ಮದ ಬದಲು ಹತ್ತಿಯನ್ನೇ ಕಟ್ಟಿಕೊಂಡರು.

ಕೇಪಿಗೆ ತಾಮ್ರ ಬೇಕು. ಸಾರಾಯಿ ಮತ್ತು ಟರ್ಪೆಂಟೈನ್ ಬಟ್ಟಿಗಳ ತಾಮ್ರದ ಹಂಡೆಗಳನ್ನು ಕಿತ್ತು ತಂದರು. ಗುಂಡಿಗೆ ಸೀಸ ಬೇಕು. ಯುದ್ಧ ನಡೆದ ಹೊಲಗಳಲ್ಲಿ ಬಿದ್ದ ಗುಂಡುಗಳನ್ನು ಆರಿಸಿದರು, ಮನೆಗಳ ಕಿಟಕಿಯ ತೂಕದ ಸೀಸವನ್ನೂ ತೆಗೆದರು. ಮದ್ದಿಗೆ ಗಂಧಕ, ಇದ್ದಿಲು, ಪೆಟ್ಲುಪ್ಪು ಬೇಕು. ಪೆಟ್ಲುಪ್ಪಿಗಾಗಿ ಗುಹೆಗಳ ಮಣ್ಣು ಅಗೆದು ತೊಳೆದರು. ಪೆಟ್ಲುಪ್ಪಿನ ವಿಷಯ ಬಂದಾಗ ಇನ್ನೊಂದು ಮಾತು. ಆ ಕಾಲಕ್ಕೆ ಜಗತ್ತಿಗೆ ಒಳ್ಳೆಯ ಪೆಟ್ಲುಪ್ಪು ಹೋಗುತ್ತಿದ್ದದ್ದು ನಮ್ಮ ಬಿಹಾರದ ಕಡೆಯಿಂದ, ಕಲ್ಕತ್ತೆಯ ಮೂಲಕ. ಉತ್ತರದ ಪಕ್ಷ ತನ್ನ ಮದ್ದಿಗೆ ಲಂಡನ್ನಿನಲ್ಲಿ ಕೊಂಡದ್ದು ಈ ಭಾರತದ ಪೆಟ್ಲುಪ್ಪನ್ನೇ.

ಇನ್ನೊಂದು ತೊಡಕು ಕೂದಲೆಳೆಯಷ್ಟು ಸಣ್ಣದು. ಎನ್‌ಫೀಲ್ಡಿನ ನಳಿಗೆಯ ಅಗಲ 0.577 ಅಂಗುಲ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಬಂದೂಕಿನದು 0.58. ವ್ಯತ್ಯಾಸ ಒಂದು ಅಂಗುಲದ ಸಾವಿರ ಪಾಲಿನಲ್ಲಿ ಮೂರು ಪಾಲು. ದೊಡ್ಡ ನಳಿಗೆಗೆ ಮಾಡಿದ ಗುಂಡನ್ನು ಎನ್‌ಫೀಲ್ಡಿಗೆ ಹಾಕಿದರೆ ನಾಲ್ಕಾರು ಸಲ ಸುಟ್ಟು ಮಸಿ ಕಟ್ಟಿದ ಮೇಲೆ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎದುರಿಗೆ ವೈರಿ, ಕೈಯಲ್ಲಿ ಸಿಕ್ಕಿಬಿದ್ದ ಸರಳು. ಐರ್ಲೆಂಡಿನಲ್ಲಿ ಹುಟ್ಟಿದ ಜಾನ್ ಮ್ಯಾಲೆಟ್ ಎಂಬ ರಸಾಯನಶಾಸ್ತ್ರಜ್ಞರು ಮದ್ದುಗುಂಡಿನ ಕಾರ್ಖಾನೆಗಳ ಮೇಲ್ವಿಚಾರಕರಾಗಿದ್ದರು. ಎಲ್ಲ ಗುಂಡುಗಳನ್ನೂ ಎನ್‌ಫೀಲ್ಡಿನ ಸಣ್ಣ ಅಳತೆಗೇ ಮಾಡಬೇಕೆಂಬ ನಿಯಮ ತಂದವರು ಅವರು. ಸಣ್ಣ ಗುಂಡು ಎರಡೂ ನಳಿಗೆಯಲ್ಲಿ ಇಳಿಯುತ್ತದೆ. ಗಣಿತದಲ್ಲಿ ದಶಮಾಂಶ ಬಿಂದುವಿನ ಆಚೆಯ ಮೂರನೇ ಅಂಕಿ ಯಾಕೆ ಸರ್ ಎಂದು ಕೇಳುವ ಮಕ್ಕಳಿಗೆ ಈ ಉದಾಹರಣೆ ಸಾಕು.

ಅದೇ ಬಂದೂಕು, ಬೇರೆ ಕೈ

1863ರ ಜುಲೈ 4ರಂದು ವಿಕ್ಸ್‌ಬರ್ಗ್ ಕೋಟೆ ಉತ್ತರದ ಸೇನಾಪತಿ ಗ್ರ್ಯಾಂಟರಿಗೆ ಶರಣಾಯಿತು. ಶರಣಾದವರ ಬಂದೂಕುಗಳನ್ನು ನೋಡಿದರೆ, ದಿಗ್ಬಂಧನ ದಾಟಿ ಬಂದ ಹೊಸ ಬಂದೂಕುಗಳು, ತಮ್ಮ ಅನೇಕ ಪಡೆಗಳ ಬಂದೂಕಿಗಿಂತ ಉತ್ತಮ. ಹಳೆಯದನ್ನು ಅಲ್ಲೇ ರಾಶಿಗೆ ಹಾಕಿ ಇವನ್ನು ತೆಗೆದುಕೊಳ್ಳಿ ಎಂದು ಗ್ರ್ಯಾಂಟರು ಅಪ್ಪಣೆ ಕೊಟ್ಟರು. ಹತ್ತಿ ಕೊಟ್ಟು, ಕತ್ತಲೆಯಲ್ಲಿ ಕಡಲು ದಾಟಿಸಿ ತಂದ ಬಂದೂಕು ಒಂದೇ ದಿನದಲ್ಲಿ ಪಕ್ಷ ಬದಲಿಸಿತು.

ಅದೇ ತಿಂಗಳ 18ರಂದು ದಕ್ಷಿಣ ಕರೋಲಿನಾದ ಫೋರ್ಟ್ ವ್ಯಾಗ್ನರ್ ಎಂಬ ಕೋಟೆಯ ಮೇಲೆ ಮ್ಯಾಸಚೂಸೆಟ್ಸಿನ 54ನೇ ಪಡೆ ನುಗ್ಗಿತು. ಆ ಪಡೆಯ ಸಿಪಾಯಿಗಳು ಕಪ್ಪು ಜನ. ಅವರಲ್ಲಿ ಗುಲಾಮಗಿರಿ ಕಂಡು ಬಂದವರೂ ಇದ್ದರು. ಅವರ ಕೈಯಲ್ಲಿ ಇದ್ದದ್ದು ಎನ್‌ಫೀಲ್ಡ್. ಕೋಟೆ ಸಿಗಲಿಲ್ಲ, ಬಹಳ ಜನ ಸತ್ತರು. ಆದರೆ ಕಪ್ಪು ಮನುಷ್ಯ ಯುದ್ಧ ಮಾಡಬಲ್ಲನೇ ಎಂದು ಕೇಳುತ್ತಿದ್ದವರ ಬಾಯಿ ಅಂದು ಕಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಭೂಸೈನ್ಯದಲ್ಲಿ ಸುಮಾರು 1,80,000 ಕಪ್ಪು ಜನ ಸೇವೆ ಮಾಡಿದ್ದರು. 1857ರಲ್ಲಿ ನಮ್ಮ ಸಿಪಾಯಿಗಳಿಗೆ ಅಪಮಾನದ ಗುರುತಾಗಿ ಕಂಡ ಬಂದೂಕನ್ನೇ ಆರು ವರ್ಷದ ಮೇಲೆ ಇವರು ಬಿಡುಗಡೆಗಾಗಿ ಎತ್ತಿದರು.

1865ರ ಜನವರಿಯಲ್ಲಿ ಫೋರ್ಟ್ ಫಿಶರ್ ಬಿದ್ದು ವಿಲ್ಮಿಂಗ್ಟನ್ನಿನ ದಾರಿ ಮುಚ್ಚಿತು. ಏಪ್ರಿಲ್ 9ರಂದು ಸೇನಾಪತಿ ಲೀ ಶರಣಾದರು. ಲಂಡನ್ನಿನ ಐಸಾಕ್ ಕ್ಯಾಂಬೆಲ್ ಕಂಪನಿ ದಕ್ಷಿಣದ ಸಾಲಪತ್ರಗಳನ್ನು ರಾಶಿ ಹಿಡಿದುಕೊಂಡಿತ್ತು. ದಕ್ಷಿಣ ಮುಳುಗಿದಾಗ ಕಂಪನಿಯೂ ಮುಳುಗಿತು. ದಕ್ಷಿಣಕ್ಕೆ ಒಳ್ಳೊಳ್ಳೆಯ ಬಂದೂಕು ಮಾರಿದ ಲಂಡನ್ ಆರ್ಮರಿ ಕಂಪನಿಯೂ 1866ರಲ್ಲಿ ಬಾಗಿಲು ಹಾಕಿತು.

ನಮ್ಮ ಎರೆ ಹೊಲದವರೆಗೆ

ಈಗ ಕೊನೆಗೆ ಇಟ್ಟುಕೊಂಡ ಮಾತು. ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅಮೆರಿಕದ್ದು. ಹತ್ತಿ ತಡೆದರೆ ಇಂಗ್ಲೆಂಡು ಓಡಿ ಬಂದು ತಮ್ಮ ಪಕ್ಷ ಹಿಡಿಯುತ್ತದೆಂದು ನಂಬಿದ ದಕ್ಷಿಣದವರು, ಕಾವಲು ಸಡಿಲವಿದ್ದ ಮೊದಲ ವರ್ಷವೇ ಹತ್ತಿಯನ್ನು ಹೊರಗೆ ಬಿಡದೆ ಕೂಡಿಟ್ಟರು. ಇಂಗ್ಲೆಂಡು ಓಡಿ ಬರಲಿಲ್ಲ. ಬೇರೆ ಹೊಲಗಳ ಕಡೆ ಕಣ್ಣು ಹಾಯಿಸಿತು. ಈಜಿಪ್ಟು, ಗುಜರಾತು, ವರ್ಹಾಡ, ಮತ್ತು ನಮ್ಮ ಧಾರವಾಡ ಸೀಮೆ.

ಧಾರವಾಡ ಸೀಮೆಯನ್ನು ಆರಿಸಲು ಕಾರಣವಿತ್ತು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿ ಬೀಜ ತರಿಸಿ, ಅಮೆರಿಕದ ತೋಟಗಾರರನ್ನೂ ಕರೆಸಿ ಹುಬ್ಬಳ್ಳಿ ಸುತ್ತ ಬೆಳೆಸಿ ನೋಡಿತ್ತು. ಉಳಿದ ಸೀಮೆಗಳಲ್ಲಿ ಸೋತ ಬೆಳೆ ಇಲ್ಲಿ ಹಿಡಿಯಿತು. ರೈತರು ಅದನ್ನು ವಿಲಾಯ್ತಿ ಹತ್ತಿ ಎಂದರು, ತಮ್ಮದನ್ನು ಜವಾರಿ ಹತ್ತಿ ಎಂದರು. ವ್ಯಾಪಾರದ ಪೇಟೆಯಲ್ಲಿ ಮೊದಲನೆಯದು 'ಧಾರವಾಡ ಅಮೆರಿಕನ್', ಎರಡನೆಯದು 'ಕುಮಟಾ'. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಘಟ್ಟ ಇಳಿದು ಆ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಆ ಹೆಸರು. ಆಗ ರೈಲಿರಲಿಲ್ಲ. ಹೇರೆತ್ತು, ಬಂಡಿಗಳ ಮೇಲೆ ಅಂಡಿಗೆಗಳು ಘಟ್ಟ ಇಳಿಯುತ್ತಿದ್ದವು.

ಅಮೆರಿಕದಲ್ಲಿ ತೋಪು ಹಾರಿದಾಗ ಇಲ್ಲಿ ಹತ್ತಿಯ ಬೆಲೆ ಹಾರಿತು. ಲಿವರ್‌ಪೂಲಿನಲ್ಲಿ ಪೌಂಡಿಗೆ ಏಳು ಪೆನ್ಸಿನ ಸುತ್ತ ಇದ್ದ ಹತ್ತಿ 1864ರಲ್ಲಿ ಮೂವತ್ತು ಪೆನ್ಸಿನ ಹತ್ತಿರಕ್ಕೆ ಹೋಯಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದ ಕಡೆಗೆ ಹತ್ತಿ ಒತ್ತುವ ಯಂತ್ರ ಕಳಿಸಿದರು. ಬಂದು ನೋಡಿದರೆ ಬಂದರೂ ಆಗಿರಲಿಲ್ಲ, ಘಟ್ಟದ ರಸ್ತೆಯೂ ಆಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿಯ ಬಂದರಿನ ಆಸೆ ಇತ್ತು. ಬೆಲೆ ಏರಿದ ಹಾಗೆ ಕಲಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲು ಕಾಯಿದೆಯನ್ನೇ ಮಾಡಿತು.

ಆಮೇಲೆ ಲೀ ಶರಣಾದ ಸುದ್ದಿ ಬಂತು. ಬೆಲೆ ಕುಸಿಯಿತು. 1865ರ ಜುಲೈ ಹೊತ್ತಿಗೆ ಮುಂಬಯಿಯ ದೊಡ್ಡ ದೊಡ್ಡ ಸಾಹುಕಾರರು ದಿವಾಳಿ ಎದ್ದರು. ಹತ್ತಿ ಏರಿದಾಗ ಕೇಳಿದಷ್ಟು ಸಾಲ ಕೊಟ್ಟವರು ಇಳಿದಾಗ ಕೈ ಬಿಗಿ ಹಿಡಿದರು. ಪುಣೆ, ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ಸಾಲಪತ್ರಗಳನ್ನು ಸುಟ್ಟ ದಂಗೆಯ ಬೇರುಗಳಲ್ಲಿ ಇದೂ ಒಂದು. ನೋಡಿ, ವಿಕ್ಸ್‌ಬರ್ಗ್ ಎಲ್ಲಿದೆಯೆಂದು ಗೊತ್ತಿಲ್ಲದ ರೈತ ಅದರ ಲಾಭವನ್ನೂ ಉಂಡ, ನಷ್ಟವನ್ನೂ ಹೊತ್ತ. ತನ್ನ ಹತ್ತಿಗೆ ಬೆಲೆ ಬಂದದ್ದು ಯಾಕೆ, ಹೋದದ್ದು ಯಾಕೆ ಎಂದು ಅವನಿಗೆ ತಿಳಿಸಿ ಹೇಳುವವರು ಇರಲಿಲ್ಲ. ಇಂದು ಹತ್ತಿಯನ್ನೋ ಮೆಣಸಿನಕಾಯಿಯನ್ನೋ ಮಾರುಕಟ್ಟೆಗೆ ಒಯ್ದು ಒಂದೇ ವಾರದಲ್ಲಿ ದರ ಬಿದ್ದದ್ದನ್ನು ಕಂಡವರಿಗೆ ಈ ಸಂಕಟ ನಾನು ವಿವರಿಸಬೇಕಾಗಿಲ್ಲ.

ಮಕ್ಕಳಿಗೆ ಒಂದು ಮನೆಗೆಲಸ

ಒಂದು ಚರ್ಮದ ಚೀಲದ ಬೆನ್ನು ಹತ್ತಿ ನಾವು ಇಷ್ಟು ದೂರ ಬಂದೆವು. ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದು ತಿಳಿದವರು ಬಹಳ. ನಾನು ಈ ಶಾಲೆಯಲ್ಲಿ ಹೇಳುತ್ತ ಬಂದದ್ದು ಬೇರೆ. ಯಾವ ವಸ್ತು ಕೈಗೆ ಬಂದರೂ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಮಾಡಿದವರು ಯಾರು? ತಂದವರು ಯಾರು? ಬೆಲೆ ಕೊಟ್ಟವರು ಯಾರು? ಆ ಬೆಲೆಗಾಗಿ ದುಡಿದವರು ಯಾರು? ಮೊದಲ ಮೂರಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ಮುದ್ರೆ ಇರುತ್ತದೆ, ಚೀಟಿ ಇರುತ್ತದೆ. ನಾಲ್ಕನೆಯವರ ಹೆಸರು ಎಲ್ಲೂ ಬರೆದಿರುವುದಿಲ್ಲ. ಅವರನ್ನು ಹುಡುಕುವುದೇ ಇತಿಹಾಸ ಓದಿದವರ ಕೆಲಸ.

ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಸೂಚನೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಕ್ಕಡಿ, ಸೇರು, ಹತ್ತಿ ಬಿಡಿಸುವ ರಾಟಿ, ಅಜ್ಜನ ಸಾಲದ ಪತ್ರ, ಹಮಾಲರ ಕೊಕ್ಕೆ ಏನಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಶಾಲೆಗೆ ತನ್ನಿ. ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಮನೆಯ ಹಿರಿಯರು ಹೇಳಿದ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಒಂದು ಕಪಾಟು ಸಾಕು, ನಮ್ಮೂರಿನ ಇತಿಹಾಸ ಅದರಲ್ಲಿ ಶುರುವಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘ ಆ ಕಪಾಟು ಕೊಡಿಸುವುದಾದರೆ, ಚೀಟಿ ಬರೆದು ಅಂಟಿಸುವ ಕೆಲಸಕ್ಕೆ ನಾನು ಬರುತ್ತೇನೆ.

ಐವತ್ತು ವರ್ಷ ನಮ್ಮೂರ ಮಕ್ಕಳಿಗೆ ಅಕ್ಷರ ಕೊಟ್ಟ ಈ ಶಾಲೆ ನೂರು ತುಂಬಲಿ.